ಸ್ಪೂನ್ ಎಲ್ಲಿದೆ ಅಂದ್ರೆ ಫೋನ್ ತೋರಿಸಿದ ಹುಡುಗ

ಮೊದಲೇ ಒಪ್ಪಿಕೊಂಡುಬಿಡ್ತೀವಿ. ನಾವು ಅಂಗನವಾಡಿಗೆ ಹೋಗಿದ್ದು ಸಮಾಜ ಸೇವೆಯ ಹುಮ್ಮಸ್ಸಿನಿಂದ ಅಲ್ಲ, ಆಕ್ಟಿವಿಟಿ ಪಾಯಿಂಟ್ಸ್‌ಗೋಸ್ಕರ. ಗಿಡ ನೆಡೋ ಕೆಲಸವನ್ನ ಆಗಲೇ ಬೇರೆ ಬ್ಯಾಚ್‌ನವರು ಮಾಡಿ ಮುಗಿಸಿದ್ರು (ಅದರಲ್ಲಿ ಎಷ್ಟು ಬದುಕಿವೆ ಅಂತ ಕೇಳ್ಬೇಡಿ). ಉಳಿದಿದ್ದು ಹಿಂದಿನ ಗೇಟಿನಿಂದ ಹತ್ತು ನಿಮಿಷ ನಡೆದ್ರೆ ಸಿಗೋ ಅಂಗನವಾಡಿ. ಐದು ಜನ ಸೇರಿಕೊಂಡ್ವಿ. ಮೊದಲ ಶನಿವಾರವೇ ಅಲ್ಲಿನ ಟೀಚರ್ ಹೇಳಿದ್ರು, "ಕಂಪ್ಯೂಟರ್ ಓದೋ ಮಕ್ಕಳಲ್ವಾ ನೀವು, ನಮ್ಮ ಮಕ್ಕಳಿಗೆ ಒಂದಿಷ್ಟು ಇಂಗ್ಲಿಷ್ ಹೇಳ್ಕೊಡಿ. ಅವರಮ್ಮಂದಿರು ದಿನಾ ಕೇಳ್ತಾರೆ." ನಮ್ಮಲ್ಲಿ ಇಬ್ಬರು ಸಿವಿಲ್, ಒಬ್ಬಳು ಮೆಕ್ಯಾನಿಕಲ್. ಅದು ಬೇರೆ ಮಾತು.

ಇಂಗ್ಲಿಷ್ ತಾನೇ, ಐದರಲ್ಲಿ ನಾಲ್ಕು ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮೇ ಓದಿದೋರು, ಇದೇನು ದೊಡ್ಡ ವಿಷಯ ಅನ್ಕೊಂಡ್ವಿ. ಒಂದು ಟ್ಯಾಬ್, ಒಂದು ಬ್ಲೂಟೂತ್ ಸ್ಪೀಕರ್, ಯೂಟ್ಯೂಬಿನಿಂದ ಆರಿಸಿದ ಇಪ್ಪತ್ತೈದು ನಿಮಿಷದ ಒಂದು ವಿಡಿಯೋ. ಹಣ್ಣು, ಪ್ರಾಣಿ, ಬಣ್ಣ, ಅಡುಗೆಮನೆ ಸಾಮಾನು ಎಲ್ಲಾ ಸೇರಿ ನಲವತ್ತು ಪದ. ಮಕ್ಕಳು ಟ್ಯಾಬ್ ಮುಂದೆ ಗುಂಪಾಗಿ ಕೂತು ಕಿರುಚಿದ್ದೇ ಕಿರುಚಿದ್ದು. ಚಿತ್ರ ಬರೋಕೆ ಮುಂಚೆಯೇ "ಆಪಲ್!" "ಎಲಿಫೆಂಟ್!" ಅನ್ನೋರು. ಮೂರು ವಾರ ಆಯ್ತು. ಫೋಟೋ ತೆಗೆದು ರಿಪೋರ್ಟಿಗೆ ಅಂಟಿಸಿದ್ವಿ.

ನಾಲ್ಕನೇ ಶನಿವಾರ ಸ್ಪೀಕರ್ ಚಾರ್ಜ್ ಇರಲಿಲ್ಲ. ಟೈಮ್ ಪಾಸ್ ಮಾಡೋಕೆ ಅಂತ ನಮ್ಮಲ್ಲೊಬ್ಬ ಸುಮ್ನೆ ಕೇಳಿದ, "ಎಲ್ಲಿ, ಯಾರು ಸ್ಪೂನ್ ತಂದ್ಕೊಡ್ತೀರಾ?" ಪಕ್ಕದಲ್ಲೇ ತಟ್ಟೆ, ಲೋಟ, ಚಮಚ ಜೋಡಿಸಿಟ್ಟ ಬುಟ್ಟಿ ಇತ್ತು. ಯಾರೂ ಅಲ್ಲಾಡಲಿಲ್ಲ. "ಸ್ಪೂನ್ ಎಲ್ಲಿದೆ?" ಅಂತ ಮತ್ತೆ ಕೇಳಿದ್ವಿ. ನಾಲ್ಕು ವರ್ಷದ ಒಬ್ಬ ಹುಡುಗ ಬಂದು ನಮ್ಮ ಜೇಬಲ್ಲಿದ್ದ ಫೋನ್ ಮುಟ್ಟಿ ತೋರಿಸಿದ.

ಅವನು ಹೇಳಿದ್ದು ಸರಿಯೇ. ಅವನ ಪಾಲಿಗೆ ಸ್ಪೂನ್ ಅನ್ನೋದು ಪರದೆ ಮೇಲೆ ಬರೋ, ಎರಡು ಕಣ್ಣು ಇರೋ, ಕುಣಿಯೋ ಗುಲಾಬಿ ಬಣ್ಣದ ಒಂದು ಪ್ರಾಣಿ. ಅದು ವಾಸ ಮಾಡೋದು ಫೋನಲ್ಲಿ. ದಿನಾ ಅವನು ಉಪ್ಪಿಟ್ಟು ತಿನ್ನೋದು ಚಮಚದಲ್ಲಿ. ಎರಡಕ್ಕೂ ಸಂಬಂಧ ಇದೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ.

ಮಷಿನ್ ಲರ್ನಿಂಗ್ ವರ್ಕ್‌ಶಾಪಿಗೆ ಹೋದೋರಿಗೆ ಇದು ಥಟ್ಟನೆ ಹೊಳೆಯುತ್ತೆ. ಟ್ರೇನಿಂಗ್ ಡೇಟಾ ಮೇಲೆ ಮಾಡೆಲ್ ನೂರಕ್ಕೆ ನೂರು, ಟೆಸ್ಟ್ ಡೇಟಾ ಕೊಟ್ಟ ತಕ್ಷಣ ಸೊನ್ನೆ. ಮಕ್ಕಳು ಪದ ಕಲಿತಿರಲಿಲ್ಲ, ವಿಡಿಯೋವನ್ನ ಬಾಯಿಪಾಠ ಮಾಡಿದ್ರು. ಮುಂದಿನ ಚಿತ್ರ ಯಾವುದು ಅಂತ ಗೊತ್ತಿದ್ದರಿಂದ ಕಿರುಚ್ತಿದ್ರು. ನಾವೂ ಎಷ್ಟೋ ಸಲ ಇಂಟರ್ನಲ್ಸ್‌ಗೆ ಹಾಗೇ ಓದೋದಲ್ವಾ.

ಇಷ್ಟಕ್ಕೇ ಮುಗಿದಿದ್ರೆ ನಕ್ಕು ಸುಮ್ನಾಗ್ತಿದ್ವಿ. ಅದೇ ದಿನ ಮಗನನ್ನ ಕರ್ಕೊಂಡು ಹೋಗೋಕೆ ಅವನಮ್ಮ ಬಂದಿದ್ರು. ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಖುಷಿಯಿಂದ ಹೇಳಿದ್ರು, "ನೀವು ಬಂದ್ಮೇಲೆ ನಾನೂ ಮನೇಲಿ ದಿನಾ ಎರಡು ಗಂಟೆ ಅದೇ ಥರದ್ದು ಹಾಕ್ಕೊಡ್ತಿದೀನಿ. ಮುಂಚೆ ಫೋನ್ ಕೊಡೋಕೆ ಭಯ ಆಗ್ತಿತ್ತು. ಕಾಲೇಜಿನೋರೇ ತೋರಿಸ್ತಾರಲ್ಲ ಅಂತ ಧೈರ್ಯ ಬಂತು. ನಂಗಂತೂ ಇಂಗ್ಲಿಷ್ ಬರ್ಲಿಲ್ಲ, ಇವನಿಗಾದ್ರೂ ಬರ್ಲಿ." ವಾಪಸ್ ಬರೋ ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ಪಾಯಿಂಟ್ಸ್‌ಗೆ ಅಂತ ಮಾಡಿದ ಕೆಲಸಕ್ಕೆ ಒಂದು ಮನೆಯಲ್ಲಿ ದಿನಕ್ಕೆ ಎರಡು ಗಂಟೆ ಫೋನ್ ಅಂತಾಗಿತ್ತು. ಅದರಿಂದ ಹುಡುಗನಿಗೆ ಬಂದಿದ್ದು ಏನು ಅಂತ ನಾವು ಆಗಷ್ಟೇ ನೋಡಿ ಬಂದಿದ್ವಿ.

ಆಮೇಲೆ ಕೂತು ಓದಿದ್ವಿ. ಮೊದಲೇ ಮಾಡಬೇಕಿದ್ದ ಕೆಲಸ ಅದು.

ತುಂಬಾ ಚಿಕ್ಕ ಮಕ್ಕಳಿಗೆ ಪರದೆಯಿಂದ ಕಲಿಯೋದು ಕಷ್ಟ ಅನ್ನೋದಕ್ಕೆ ಹಲವು ಪ್ರಯೋಗಗಳಿವೆ. ನಮಗೆ ತುಂಬಾ ಹಿಡಿಸಿದ್ದು ಅಮೆರಿಕದಲ್ಲಿ ಜಾರ್ಜೀನ್ ಟ್ರೋಸೆತ್ ಮತ್ತು ಜೂಡಿ ಡಿಲೋಚ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಮಾಡಿ 1998ರಲ್ಲಿ ಪ್ರಕಟಿಸಿದ ಪ್ರಯೋಗ. ಪಕ್ಕದ ರೂಮಲ್ಲಿ ಒಂದು ಆಟದ ಸಾಮಾನನ್ನ ಬಚ್ಚಿಡ್ತಾರೆ. ಎರಡು ವರ್ಷದ ಮಗು ಅದನ್ನ ಟಿವಿಯಲ್ಲಿ ನೋಡುತ್ತೆ. ಆಮೇಲೆ ಆ ರೂಮಿಗೆ ಹೋಗಿ ಹುಡುಕು ಅಂದ್ರೆ ಹೆಚ್ಚಿನ ಮಕ್ಕಳಿಗೆ ಸಿಗೋದಿಲ್ಲ. ಅದೇ ದೃಶ್ಯವನ್ನ ಕಿಟಕಿಯಿಂದ ನೋಡಿದ್ರೆ ಸೀದಾ ಹೋಗಿ ತೆಗೆದುಕೊಳ್ಳುತ್ತವೆ. ಕಣ್ಣಿಗೆ ಬಿದ್ದ ಮಾಹಿತಿ ಒಂದೇ. ಆದ್ರೆ ಟಿವಿಯೊಳಗೆ ನಡೆದಿದ್ದು ತನ್ನ ಪಕ್ಕದ ರೂಮಿನ ವಿಷಯ ಅಂತ ಆ ವಯಸ್ಸಿಗೆ ಹೊಳೆಯೋದಿಲ್ಲ. ಎರಡೂವರೆ ವರ್ಷದ ಮಕ್ಕಳು ಎಷ್ಟೋ ಚೆನ್ನಾಗಿ ಹುಡುಕಿದ್ರು. ನಮ್ಮ ಹುಡುಗನಿಗೆ ನಾಲ್ಕು ವರ್ಷ, ಆದ್ರೂ ಹೊಸ ಭಾಷೆಯ ಪದ ಅಂತ ಬಂದಾಗ ಅದೇ ಕಿಟಕಿ ಅವನಿಗೂ ಮುಚ್ಚಿಕೊಂಡಿತ್ತು ಅನ್ಸುತ್ತೆ.

ಇನ್ನೂ ಚಿಕ್ಕವರ ಕಥೆ ಕೇಳಿ. 2003ರಲ್ಲಿ ಪ್ಯಾಟ್ರಿಷಿಯಾ ಕುಲ್ ಅವರ ತಂಡ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಮ್ಯಾಂಡರಿನ್ ಭಾಷೆ ಕೇಳಿಸಿತು. ಒಂದು ಗುಂಪಿಗೆ ಎದುರಿಗೆ ಮನುಷ್ಯರೇ ಕೂತು ಪುಸ್ತಕ ಓದಿ ಆಟ ಆಡಿಸಿದ್ರು. ಇನ್ನೊಂದು ಗುಂಪಿಗೆ ಅದರದ್ದೇ ರೆಕಾರ್ಡಿಂಗ್. ಹನ್ನೆರಡು ಸಲ ಹೀಗೆ ಮಾಡಿದ ಮೇಲೆ ಆ ಭಾಷೆಯ ಎರಡು ಹತ್ತಿರದ ಧ್ವನಿಗಳನ್ನ ಬೇರೆ ಬೇರೆ ಅಂತ ಗುರುತಿಸಿದ್ದು ಮನುಷ್ಯರ ಜೊತೆ ಇದ್ದ ಕೂಸುಗಳು ಮಾತ್ರ. ಇದು ಪದದ ಪ್ರಯೋಗ ಅಲ್ಲ, ಧ್ವನಿಯದ್ದು. ಪದದ ಲೆಕ್ಕ 2010ರಲ್ಲಿ ಮತ್ತೆ ಅದೇ ಡಿಲೋಚ್ ಅವರ ತಂಡ ಮಾಡಿತು. ಒಂದರಿಂದ ಒಂದೂವರೆ ವರ್ಷದ ಮಕ್ಕಳು, ಮಾರ್ಕೆಟ್ಟಿನಲ್ಲಿ ಚೆನ್ನಾಗಿ ಮಾರಾಟ ಆಗ್ತಿದ್ದ ಒಂದು ಪದ ಕಲಿಸೋ ಡಿವಿಡಿ, ನಾಲ್ಕು ವಾರ. ಡಿವಿಡಿ ನೋಡಿದೋರು ನೋಡದೇ ಇದ್ದೋರಿಗಿಂತ ಹೆಚ್ಚೇನೂ ಕಲಿಯಲಿಲ್ಲ. ಹೆಚ್ಚು ಕಲಿತಿದ್ದು ಯಾರು ಅಂದ್ರೆ, ವಿಡಿಯೋ ಇಲ್ದೆ, ಇದೇ ಪದಗಳನ್ನ ದಿನದ ಮಾತಲ್ಲಿ ಬಳಸಿ ಅಪ್ಪ ಅಮ್ಮ ಹೇಳಿಕೊಟ್ಟ ಮಕ್ಕಳು. ಇನ್ನೊಂದು ತಮಾಷೆ: ಡಿವಿಡಿ ತಮಗೆ ಇಷ್ಟ ಆದ ತಂದೆ ತಾಯಂದಿರು ಮಗು ಜಾಸ್ತಿ ಕಲೀತು ಅಂತ ನಂಬಿದ್ರು. ನಮ್ಮ ರಿಪೋರ್ಟ್ ನೆನಪಾಯ್ತು.

ಹಾಗಂದ್ರೆ ವಿಡಿಯೋ ದಂಡ ಅಂತಲ್ಲ. ಮೂರು ವರ್ಷ ದಾಟಿದ ಮೇಲೆ ಲೆಕ್ಕ ಬದಲಾಗುತ್ತೆ. ಅಮೆರಿಕದಲ್ಲಿ 1969ರಲ್ಲಿ ಶುರುವಾದ ಸೆಸಮಿ ಸ್ಟ್ರೀಟ್ ನೋಡ್ತಿದ್ದ ಮೂರರಿಂದ ಐದು ವರ್ಷದ ಮಕ್ಕಳ ಶಬ್ದಸಂಪತ್ತು ಬೆಳೆದಿದ್ದನ್ನ 1990ರ ಒಂದು ಅಧ್ಯಯನ ತೋರಿಸಿದೆ. 1996ರಲ್ಲಿ ಬಂದ ಬ್ಲೂಸ್ ಕ್ಲೂಸ್ ಅನ್ನೋ ಕಾರ್ಯಕ್ರಮದವರು ಎರಡು ವಿಚಿತ್ರ ಕೆಲಸ ಮಾಡಿದ್ರು. ನಿರೂಪಕ ಕ್ಯಾಮೆರಾ ನೋಡಿ ಪ್ರಶ್ನೆ ಕೇಳಿ ಸುಮ್ನೆ ನಿಲ್ತಾನೆ. ಒಂದೆರಡು ಕ್ಷಣ ಪರದೆಯಲ್ಲಿ ಏನೂ ಆಗೋದಿಲ್ಲ, ಮಗು ಉತ್ತರ ಹೇಳೋಕೆ ಅಂತಲೇ ಬಿಟ್ಟ ಖಾಲಿ ಜಾಗ ಅದು. ಎರಡನೆಯದು, ಒಂದೇ ಎಪಿಸೋಡನ್ನ ವಾರದ ಐದೂ ದಿನ ಹಾಕ್ತಿದ್ರು. ನಮಗೆ ಬೋರ್ ಆಗುತ್ತೆ, ಮಕ್ಕಳಿಗೆ ಆಗಲ್ಲ. ದಿನ ಕಳೆದಂಗೆ ಮಕ್ಕಳು ಪರದೆಗೆ ಉತ್ತರ ಕೊಡೋದು ಜಾಸ್ತಿಯಾಗ್ತಾ ಹೋಯ್ತು.

ಆ ಖಾಲಿ ಜಾಗದ ಮಹತ್ವ ತೋರಿಸೋ ಇನ್ನೊಂದು ಪ್ರಯೋಗ 2014ರದ್ದು. ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನ ಎದುರಿಗೆ ಕೂತು ಹೇಳಿಕೊಟ್ರು, ವಿಡಿಯೋ ಕಾಲಲ್ಲಿ ಹೇಳಿಕೊಟ್ರು, ಬೇರೆ ಮಗುವಿನ ಕಾಲಿನ ರೆಕಾರ್ಡಿಂಗ್ ಹಾಕಿ ತೋರಿಸಿದ್ರು. ಮೊದಲ ಎರಡರಲ್ಲಿ ಕಲಿತವು, ಮೂರನೆಯದರಲ್ಲಿ ಇಲ್ಲ. ಅಂದ್ರೆ ತೊಂದರೆ ಗಾಜಿನ ಪರದೆಯದ್ದಲ್ಲ, ಆ ಕಡೆಯಿಂದ ತನಗೇ ಉತ್ತರ ಬರುತ್ತಾ ಇಲ್ವಾ ಅನ್ನೋದು. ಕ್ಯಾಲಿಫೋರ್ನಿಯಾದಲ್ಲಿರೋ ಮೊಮ್ಮಗಳು ವಿಡಿಯೋ ಕಾಲಲ್ಲಿ ಅಜ್ಜಿ ಜೊತೆ ಮಾತಾಡಿ ಮಾತಾಡಿ "ತಾತ ಎಲ್ಲಿ?" ಅನ್ನೋದು ಕಲಿಯೋದೂ ಹೀಗೇ. ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಹೇಳೋದಾದ್ರೆ ರೆಕಾರ್ಡಿಂಗ್ ಓಪನ್ ಲೂಪ್, ಅಜ್ಜಿ ಕ್ಲೋಸ್ಡ್ ಲೂಪ್. ಮಗು ತಪ್ಪು ಹೇಳಿದ್ರೂ ಸರಿ ಹೇಳಿದ್ರೂ ಎದ್ದು ಓಡಿಹೋದ್ರೂ ವಿಡಿಯೋ ತನ್ನ ಪಾಡಿಗೆ ತಾನು "ವೆರಿ ಗುಡ್" ಅಂತಿರುತ್ತೆ.

ಇಲ್ಲೊಂದು ವಿಷಯ ಗಮನಿಸಬೇಕು. ಸೆಸಮಿ ಸ್ಟ್ರೀಟ್ ನೋಡಿದ ಮಗುವಿಗೆ ಇಂಗ್ಲಿಷ್ ಮನೆಮಾತು. ಟಿವಿಯಲ್ಲಿ ಸ್ಪೂನ್ ಅಂತ ಕೇಳಿದ್ದು ರಾತ್ರಿ ಊಟದ ಹೊತ್ತಿಗೆ ಅಮ್ಮನ ಬಾಯಲ್ಲಿ ಮತ್ತೆ ನಾಲ್ಕು ಸಲ ಬರುತ್ತೆ. ಪರದೆ ಒಂದು ತುದಿ ಹಿಡಿದ್ರೆ ಮನೆ ಇನ್ನೊಂದು ತುದಿ ಹಿಡಿಯುತ್ತೆ. ನಮ್ಮ ಅಂಗನವಾಡಿಯ ಮಗುವಿಗೆ ಆ ಎರಡನೇ ತುದಿ ಹಿಡಿಯೋರು ಇಲ್ಲ. ವಿಡಿಯೋ ನಿಂತ ಮೇಲೆ ಆ ಪದ ಮತ್ತೆ ಕಿವಿಗೆ ಬೀಳೋದು ಮುಂದಿನ ವಿಡಿಯೋದಲ್ಲೇ. ಹಾಗಾಗಿ ಅಲ್ಲಿ ಕೆಲಸ ಮಾಡಿದ ವಿಧಾನ ಇಲ್ಲಿ ಸುಮ್ನೆ ಪ್ಲೇ ಒತ್ತಿದ್ರೆ ಕೆಲಸ ಮಾಡಲ್ಲ.

ಅದರ ಮೇಲೆ ಯೂಟ್ಯೂಬ್ ಬೇರೆ. 2012ರಿಂದ ಅದು ವಿಡಿಯೋಗಳನ್ನ ಮುಂದೆ ತರೋದರಲ್ಲಿ ಜನ ಎಷ್ಟು ಹೊತ್ತು ನೋಡಿದ್ರು ಅನ್ನೋದಕ್ಕೆ ಹೆಚ್ಚು ಬೆಲೆ ಕೊಡುತ್ತೆ. ಪದ ಕಲಿಯೋಕೆ ಬೇಕಾಗಿರೋದು ನಿಲ್ಲಿಸೋದು, ಆ ವ್ಯವಸ್ಥೆಗೆ ಬೇಕಾಗಿರೋದು ನಿಲ್ಲದೇ ಇರೋದು. ಮೂರು ಸೆಕೆಂಡ್ ಖಾಲಿ ಬಿಟ್ರೆ ಬೆರಳು ಮುಂದಿನ ವಿಡಿಯೋಗೆ ಹೋಗಿರುತ್ತೆ. ಆಟೋಪ್ಲೇ ಆಫ್ ಮಾಡೋದು ಮೊದಲ ಕೆಲಸ. ಯೂಟ್ಯೂಬ್ ಕಿಡ್ಸ್ ಆ್ಯಪಲ್ಲಿ ಟೈಮರ್ ಇದೆ, ದೊಡ್ಡವರು ಆರಿಸಿದ್ದು ಮಾತ್ರ ಕಾಣೋ ಹಾಗೂ ಇಡಬಹುದು. ಇಷ್ಟು ಸೆಟ್ಟಿಂಗ್ಸ್ ಮಾಡಿಕೊಡೋಕೆ ನಮ್ಮಂಥೋರು ಲಾಯಕ್ಕು.

ಆಮೇಲೆ ನಾವು ಏನು ಮಾಡಿದ್ವಿ ಅಂತ ಸ್ವಲ್ಪ ವಿವರವಾಗಿ ಹೇಳ್ತೀವಿ, ಯಾಕಂದ್ರೆ ಯಾರು ಬೇಕಾದ್ರೂ ಮಾಡಬಹುದು.

ಮೊದಲು ನಲವತ್ತು ಪದದ ಲಿಸ್ಟ್ ಹರಿದು ಹಾಕಿದ್ವಿ. ಅದರಲ್ಲಿ ಇಗ್ಲೂ ಇತ್ತು, ಕ್ಸೈಲೋಫೋನ್ ಇತ್ತು. ಎಕ್ಸ್ ಫಾರ್ ಕ್ಸೈಲೋಫೋನ್ ಅಂತ ನಾವೂ ಚಿಕ್ಕಂದಿನಲ್ಲಿ ಹೇಳಿದ್ದೇ ಹೇಳಿದ್ದು, ಇವತ್ತಿಗೂ ಐವರಲ್ಲಿ ಒಬ್ಬರೂ ಅದನ್ನ ಮುಟ್ಟಿ ನೋಡಿಲ್ಲ. ಬದಲಿಗೆ ಆ ಕೋಣೆಯಲ್ಲಿ ಮಗುವಿನ ಕೈಗೆ ದಿನಾ ಸಿಗೋ ನಾಲ್ಕು ವಸ್ತು ಆರಿಸಿದ್ವಿ: ಚಮಚ, ತಟ್ಟೆ, ಚಾಪೆ, ಮೊಟ್ಟೆ. ವಿಡಿಯೋ ಹುಡುಕೋದೂ ಬಿಟ್ಟು ನಾವೇ ಫೋನಲ್ಲಿ ಶೂಟ್ ಮಾಡಿದ್ವಿ. ಒಂದೂವರೆ ನಿಮಿಷ. ಮಕ್ಕಳ ಮುಖ ಬೇಡ ಅಂತ ಮೊದಲೇ ತೀರ್ಮಾನ. ಅಂಗನವಾಡಿಯ ಆಯಾ ಕೈಯಲ್ಲಿ ಚಮಚ ಹಿಡಿದು ತೋರಿಸ್ತಾರೆ, ತಟ್ಟೆಗೆ ಇಡ್ತಾರೆ, ತೆಗೀತಾರೆ. ಹಿಂದಿನಿಂದ ನಮ್ಮಲ್ಲೊಬ್ಬಳ ಧ್ವನಿ, "ಸ್ಪೂನ್." ಆಮೇಲೆ ಮೂರು ಸೆಕೆಂಡ್ ಏನೂ ಇಲ್ಲ.

ಮೊದಲ ಕಟ್ಟಲ್ಲಿ ಹಿನ್ನೆಲೆ ಸಂಗೀತ ಹಾಕಿ, ಅಕ್ಷರ ಹಾರೋ ಹಾಗೆ ಎಡಿಟ್ ಮಾಡಿದ್ವಿ, ನಮ್ಮ ಕಲೆ ಎಲ್ಲಾ ತೋರಿಸಿ. ಮಕ್ಕಳು ಎದ್ದು ಕುಣಿದ್ರು, ಪದ ಯಾರ ಕಿವಿಗೂ ಬೀಳಲಿಲ್ಲ. ಎಲ್ಲಾ ತೆಗೆದು ಹಾಕಿದ್ವಿ. ಪರದೆಯಲ್ಲಿ ತಮ್ಮ ಆಯಾ ಕಂಡಾಗ ಆದ ಗಲಾಟೆ ಮಾತ್ರ ಯಾವ ಎಡಿಟಿಂಗಿನಿಂದಲೂ ಬರೋದಿಲ್ಲ. ಅದಕ್ಕಿಂತ ಮುಖ್ಯವಾಗಿ, ಪರದೆಯೊಳಗಿನ ಚಮಚ ತಮ್ಮದೇ ಬುಟ್ಟಿಯ ಚಮಚ ಅನ್ನೋದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ಕೆಲಸ ಶುರುವಾಗೋದು ವಿಡಿಯೋದಿಂದ ಅಲ್ಲ, ವಸ್ತುವಿನಿಂದ. ಚಮಚ ಕೈಗೆ ಕೊಟ್ಟು "ಇದೇನು?" ಅಂತ ಕನ್ನಡದಲ್ಲೇ ಕೇಳ್ತೀವಿ. ಏನಕ್ಕೆ ಬರುತ್ತೆ, ನಿಮ್ಮನೇಲಿ ಎಷ್ಟಿದೆ, ಯಾರು ತೊಳೀತಾರೆ. ಮಾತು ಬೆಳೆದ ಮೇಲೆ ವಿಡಿಯೋ. ಪದ ಬಂದ ತಕ್ಷಣ ಪಾಸ್ ಒತ್ತಿ ಮಕ್ಕಳ ಮುಖ ನೋಡ್ತೀವಿ. ಎರಡು ಸಲ ಹಾಕಿ ಫೋನನ್ನ ಬ್ಯಾಗಿಗೆ ಹಾಕ್ತೀವಿ, ಅವರ ಕಣ್ಣೆದುರಿಗೇ. ಮಿಕ್ಕ ಅರ್ಧ ಗಂಟೆ ಆಟ. ಬುಟ್ಟಿಯಲ್ಲಿ ಸ್ಟೀಲಿಂದು, ಐಸ್‌ಕ್ರೀಮ್ ಕಪ್ಪಿನ ಜೊತೆ ಬರೋ ಪ್ಲಾಸ್ಟಿಕ್ಕಿಂದು, ಔಷಧಿ ಕುಡಿಸೋ ಪುಟ್ಟದು, ಹೀಗೆ ವಿಡಿಯೋದಲ್ಲಿ ಇಲ್ಲದ ಚಮಚಗಳು. "ಆಯಾಗೆ ಸ್ಪೂನ್ ಕೊಟ್ಟು ಬಾ." "ಸ್ಪೂನ್ ಚಾಪೆ ಕೆಳಗೆ ಬಚ್ಚಿಡು." ಮುಂದಿನ ಶನಿವಾರವೂ ಅದೇ ವಿಡಿಯೋ, ಅದೇ ನಾಲ್ಕು ಪದ. ನಡುವಿನ ದಿನಗಳಲ್ಲಿ ಊಟಕ್ಕೆ ಬಡಿಸುವಾಗ ಟೀಚರ್ ಆ ಪದ ಬಳಸ್ತಾರೆ. ನಿಜವಾದ ಕೆಲಸ ಮಾಡಿದ್ದು ಅವರೇ.

ಎರಡನೇ ವಾರ ಒಬ್ಬಳು ಪುಟ್ಟಿ ಸಾರಿನ ಪಾತ್ರೆಯಿಂದ ಸೌಟು ಎಳ್ಕೊಂಡು ಬಂದು "ದೊಡ್ ಸ್ಪೂನು!" ಅಂದಳು. ನಾವು ನಕ್ಕುಬಿಟ್ವಿ. ಆಮೇಲೆ ಹೊಳೀತು, ನಾವು ಕಾಯ್ತಿದ್ದಿದ್ದು ಇದಕ್ಕೇ. ವಿಡಿಯೋದಲ್ಲಿ ಇಲ್ಲದ ವಸ್ತು, ಯಾರೂ ಹೇಳಿಕೊಡದ ವಸ್ತು, ಅದಕ್ಕೆ ತಾನೇ ಪದ ಹಚ್ಚಿದ್ದಳು. ಸೌಟಿಗೆ ಇಂಗ್ಲಿಷಲ್ಲಿ ಏನಂತಾರೆ ಅಂತ ಟೀಚರ್ ಕೇಳಿದ್ರು. ಇಂಗ್ಲಿಷ್ ಮೀಡಿಯಮ್ಮಿನ ನಾಲ್ವರೂ ಮುಖ ಮುಖ ನೋಡ್ಕೊಂಡ್ವಿ. ಲೇಡಲ್ ಅಂತ ಹೇಳಿದ್ದು ಕೊಪ್ಪಳದ ಕಡೆಯ ಕನ್ನಡ ಮೀಡಿಯಮ್ ಗೆಳೆಯ, ಪಿಯುಸಿಯಲ್ಲಿ ಡಿಕ್ಷನರಿ ಇಟ್ಕೊಂಡು ಓದಿದೋನು.

ಅವನೇ ಇನ್ನೊಂದು ತಪ್ಪನ್ನೂ ಹಿಡಿದ. "ಸ್ಪೂನು" "ಪ್ಲೇಟು" ಅಂತ ಮಕ್ಕಳು ಕೊನೆಗೆ ಉಕಾರ ಸೇರಿಸಿದ್ರೆ ನಾವು ತಿದ್ದುತ್ತಿದ್ವಿ. ಒಬ್ಬ ಹುಡುಗ ಎರಡು ಸಲ ತಿದ್ದಿಸಿಕೊಂಡು ಮೂರನೇ ಸಲದಿಂದ ಬಾಯೇ ಬಿಡಲಿಲ್ಲ. "ಫಸ್ಟ್ ಸೆಮ್‌ನಲ್ಲಿ ಸೆಮಿನಾರ್ ಕೊಡುವಾಗ ನಂಗೂ ಹಿಂಗೇ ಆಗಿತ್ತು, ಬಿಡ್ರಪ್ಪ ಅವನ್ನ" ಅಂದ. ಬಿಟ್ವಿ. ಮಗು "ಸ್ಪೂನು" ಅಂದ್ರೆ "ಹೌದು, ಸ್ಪೂನ್" ಅಂತ ನಾವು ನಮ್ಮ ಪಾಡಿಗೆ ಹೇಳ್ತೀವಿ, ಅಷ್ಟೇ. ಬಸ್ಸು, ಲೈಟು, ಫ್ಯಾನು, ಪೆನ್ನು ಅಂತ ಅವರ ಬಾಯಲ್ಲಿ ಆಗಲೇ ಎಷ್ಟೋ ಇಂಗ್ಲಿಷ್ ಪದಗಳಿವೆ. ಅವು ಇಂಗ್ಲಿಷ್ ಅಂತ ಗೊತ್ತಾದಾಗ ಮಕ್ಕಳಿಗಾಗೋ ಆಶ್ಚರ್ಯ ನೋಡಬೇಕು.

ಕನ್ನಡ ಬಿಟ್ಟು ಬರೀ ಇಂಗ್ಲಿಷಲ್ಲೇ ಮಾತಾಡಿಸಿದ್ರೆ ಬೇಗ ಬರುತ್ತೆ ಅನ್ನೋ ನಂಬಿಕೆ ನಮಗೂ ಇತ್ತು, ನಮ್ಮ ಶಾಲೆಗಳಲ್ಲಿ ಹಾಗೇ ಇತ್ತಲ್ಲ. ಅದು ಬಿದ್ದಿದ್ದು ರೈಸ್ ಪದದ ದಿನ. ಅಕ್ಕಿಯ ಚಿತ್ರ ತೋರಿಸಿ ರೈಸ್ ಅಂದ್ವಿ, ಊಟಕ್ಕೆ ಕೂತಾಗ ತಟ್ಟೆ ತೋರಿಸಿ ರೈಸ್ ಅಂದ್ವಿ. ಒಬ್ಬಳು ಜಗಳಕ್ಕೇ ಬಂದಳು: "ಅದು ಅಕ್ಕಿ, ಇದು ಅನ್ನ!" ಅವಳ ಭಾಷೆಯಲ್ಲಿ ಎರಡು ಬೇರೆ ವಸ್ತು, ಇಂಗ್ಲಿಷಲ್ಲಿ ಎರಡಕ್ಕೂ ಒಂದೇ ಹೆಸರು. ಇದನ್ನ ಯಾವ ವಿಡಿಯೋವೂ ಬಿಡಿಸಿ ಹೇಳಲ್ಲ. ಕನ್ನಡದಲ್ಲಿ ಕೂತು ಹೇಳಬೇಕಾಯ್ತು, "ಅವರಿಗೆ ಎರಡೂ ಒಂದೇ ಕಣಮ್ಮ" ಅಂತ. "ಯಾಕೆ?" ಅಂದಳು. ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಎಷ್ಟು ಹೊತ್ತು ತೋರಿಸಬಹುದು ಅನ್ನೋದರಲ್ಲಿ ಹೆಚ್ಚು ಗೊಂದಲ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಮುಂದೆ ಕೂರಿಸೋದೇ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆಯಾದಷ್ಟೂ ಒಳ್ಳೇದು. ಅದು ಮೇಲಿನ ಮಿತಿ, ಮುಟ್ಟಲೇಬೇಕಾದ ಗುರಿಯಲ್ಲ. ಪದ ಕಲಿಯೋಕೆ ಅಷ್ಟೆಲ್ಲಾ ಬೇಡ. ನಮ್ಮ ವಿಡಿಯೋ ಎರಡು ಸಲ ಹಾಕಿದ್ರೆ ಮೂರು ನಿಮಿಷ.

ಇದನ್ನೆಲ್ಲಾ ತಾಯಂದಿರ ಸಭೆಯಲ್ಲಿ ಹೇಳೋಕೆ ಟೀಚರ್ ನಮಗೆ ಹತ್ತು ನಿಮಿಷ ಕೊಟ್ರು. ಮೊದಲು ನಾವೇ ತಪ್ಪು ತೋರಿಸಿಕೊಟ್ವಿ ಅಂತ ಕ್ಷಮೆ ಕೇಳಿದ್ವಿ. ದಿನಕ್ಕೆ ಹತ್ತು ನಿಮಿಷ ಸಾಕು, ಒಂದೇ ವಿಡಿಯೋ ಹಾಕಿ, ಪಕ್ಕದಲ್ಲಿ ಕೂತ್ಕೊಳ್ಳಿ ಅಂದ್ವಿ. ಆ ಗಾರ್ಮೆಂಟ್ಸಿನ ಅಮ್ಮ ಎದ್ದು ಕೇಳಿದ್ರು, "ನಂಗೇ ಇಂಗ್ಲಿಷ್ ಬರಲ್ಲ. ಪಕ್ಕ ಕೂತು ಏನ್ ಹೇಳ್ಲಿ?"

ನಾವು ಓದಿದ ಪೇಪರುಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ಅಲ್ಲಿ ಪಕ್ಕ ಕೂರೋ ಅಮ್ಮಂದಿರಿಗೆಲ್ಲ ಇಂಗ್ಲಿಷ್ ಬರ್ತಿತ್ತು. ನಾವು ತಡವರಿಸ್ತಾ ಇದ್ದಾಗ ಟೀಚರೇ ಹೇಳಿದ್ರು, "ನೀನು ಹೇಳ್ಬೇಡ, ಕೇಳು. ಇದೇನಪ್ಪ? ನಮ್ಮನೇಲಿ ಎಲ್ಲಿದೆ? ತಗೊಂಡ್ ಬಾ ನೋಡಣ. ಇಷ್ಟೇ. ಕನ್ನಡದಲ್ಲೇ ಕೇಳು." ಇಷ್ಟು ದಿನ ನಾವು ಮಾಡ್ತಿದ್ದಿದ್ದೂ ಅದೇ ತಾನೆ. ಪದ ವಿಡಿಯೋ ಕೊಡುತ್ತೆ, ಆ ಪದಕ್ಕೆ ಮನೆಯಲ್ಲಿ ಜಾಗ ತೋರಿಸೋಕೆ ಇಂಗ್ಲಿಷ್ ಬರಬೇಕಾಗಿಲ್ಲ. ಎರಡು ವಾರ ಆದ್ಮೇಲೆ ಅವರು ಹೇಳಿದ್ರು, ಈಗ ಅವನೇ ಅಮ್ಮನಿಗೆ ಪರೀಕ್ಷೆ ಕೊಡ್ತಾನಂತೆ. ತಪ್ಪು ಹೇಳಿದ್ರೆ ಬೈಯೋದೂ ಉಂಟಂತೆ. ಫೋನ್ ಈಗಲೂ ಕೆಲವು ದಿನ ಒಂದು ಗಂಟೆ ಆಗಿಬಿಡುತ್ತೆ, ಅಡುಗೆ ಮಾಡುವಾಗ ಬೇರೆ ದಾರಿ ಇರಲ್ಲ ಅಂತ ಅವರೇ ಹೇಳಿದ್ರು. ಓವರ್‌ಟೈಮ್ ಮುಗಿಸಿ ಬಂದೋರಿಗೆ ಅದಕ್ಕೆ ನಾವೇನು ಹೇಳೋದು.

ಈ ಸೆಮ್‌ಗೆ ಹೊಸ ಪದಗಳ ಲಿಸ್ಟ್ ಸಿದ್ಧವಾಗಿದೆ: ಬಕೆಟ್, ಪೊರಕೆ, ಬಾಗಿಲು, ಕಲ್ಲು, ಎಲೆ, ಇರುವೆ. ಇರುವೆಯನ್ನ ಶೂಟ್ ಮಾಡೋದು ಹೇಗೆ ಅಂತ ಗೊತ್ತಾಗ್ತಿಲ್ಲ, ನಮ್ಮ ಫೋನಲ್ಲಿ ಬರೀ ಮಸುಕು ಬರ್ತಿದೆ. ಮ್ಯಾಕ್ರೋ ಲೆನ್ಸ್ ಇರೋ ಫೋಟೋಗ್ರಫಿ ಕ್ಲಬ್ಬಿನೋರು ಯಾರಾದ್ರೂ ಇದ್ರೆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹಿಂದಿನ ಗೇಟ್ ಹತ್ತಿರ ಬನ್ನಿ. ಆಕ್ಟಿವಿಟಿ ಪಾಯಿಂಟ್ಸ್ ಸಿಗುತ್ತೆ.